ಬೀಡಿಯ ಸೆಸ್, ಗಾರೆಯ ಸೆಸ್, ಮಕ್ಕಳ ಫೀಸು

ದಕ್ಷಿಣ ಕನ್ನಡದ ಸಿದ್ಧಕಟ್ಟೆಯ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಅಮ್ಮ ಬೀಡಿ ಕಟ್ಟುತ್ತಾಳೆ, ಅಪ್ಪ ಮುರಕಲ್ಲು ಕಟ್ಟುವ ಇಲ್ಲವೇ ಸಾರಣೆ ಮಾಡುವ ಕೆಲಸಕ್ಕೆ ಹೋಗುತ್ತಾನೆ. ಈ ಎರಡೂ ದುಡಿಮೆಯ ಹೆಸರಿನಲ್ಲಿ ಸರ್ಕಾರಗಳು ವರ್ಷಗಟ್ಟಲೆ ಸೆಸ್ ಎತ್ತಿವೆ. ಬೀಡಿಗೆ 1976ರ ಕಾಯ್ದೆ, ಕಟ್ಟಡಕ್ಕೆ 1996ರ ಕಾಯ್ದೆ. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಹಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅದು ಬೇರೆ ಯಾವುದಕ್ಕೂ ಎತ್ತಿದ ಹಣವಲ್ಲ, ಕಾರ್ಮಿಕರ ಆರೋಗ್ಯ, ಪಿಂಚಣಿ, ಅವರ ಮಕ್ಕಳ ಓದು ಎಂದೇ ಎತ್ತಿದ್ದು. ಆ ಮನೆಯ ಮಗಳು ಕಾಲೇಜಿಗೆ ಸೇರುವಾಗ ಕೇಳುವ ವಿದ್ಯಾರ್ಥಿವೇತನವನ್ನು ನಾನು ಸಹಾಯ ಎಂದು ಕರೆಯಲಾರೆ. ಹೆತ್ತವರ ಕೂಲಿಯ ಲೆಕ್ಕದಲ್ಲಿ ಉಳಿದಿರುವ ಬಾಕಿ ಅದು. ಬಾಕಿ ಇಟ್ಟುಕೊಂಡವರು ಅದನ್ನು ಅರ್ಧಕ್ಕಿಳಿಸುವುದಾಗಲಿ, ವರ್ಷ ಕಳೆದ ಮೇಲೆ ಕೊಡುವುದಾಗಲಿ ಸಲ್ಲದು.

ಆದರೆ ಆಗಿರುವುದು ಅದೇ. 2023ರ ಅಕ್ಟೋಬರ್ 30ರಂದು ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನವನ್ನು ಕಡಿತ ಮಾಡಿತು. 2021ರಲ್ಲಿ ಗೊತ್ತುಮಾಡಿದ್ದ ದರಗಳಲ್ಲಿ ಹಲವು ಕೋರ್ಸುಗಳಿಗೆ ಅರ್ಧದಷ್ಟೂ ಉಳಿಯಲಿಲ್ಲ. ಹಳೆಯ ದರ ನಂಬಿ ಕಾಲೇಜಿಗೆ ಸೇರಿ, ಅರ್ಜಿ ಹಾಕಿ ಕಾಯುತ್ತಿದ್ದ ಮಕ್ಕಳಿಗೂ ಹೊಸ ದರ ಅನ್ವಯಿಸಿತು. ಇಬ್ಬರು ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋದರು. ಹಳೆಯ ದರದಂತೆಯೇ ಹಣ ಕೊಡಿ ಎಂದು ನ್ಯಾಯಾಲಯ ಹೇಳಬೇಕಾಯಿತು. ಬೆಂಗಳೂರಿನ ಹೈಕೋರ್ಟಿಗೆ ವಕೀಲರನ್ನು ಹಿಡಿದು ಹೋಗಬಲ್ಲ ಮಗು ನಮ್ಮ ಕಡೆ ಎಷ್ಟು ಮನೆಯಲ್ಲಿದೆ?

ಕಡಿತಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು ನಕಲಿ ಕಾರ್ಡುಗಳದ್ದು. ಕೆಲಸವನ್ನೇ ಮಾಡದವರು ಕಟ್ಟಡ ಕಾರ್ಮಿಕರೆಂದು ನೋಂದಾಯಿಸಿಕೊಂಡಿದ್ದಾರೆ, ಹಣ ಸೋರುತ್ತಿದೆ ಎಂದರು. ನಕಲಿ ಕಾರ್ಡುಗಳಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ರದ್ದು ಮಾಡಲಿ. ಆದರೆ ಆ ಕಾರ್ಡಿಗೆ ಸಹಿ ಹಾಕಿದ್ದು ಯಾರು? ತನಿಖೆ ಮಾಡದೆ ಅನುಮೋದಿಸಿದ್ದು ಯಾವ ಇಲಾಖೆ? ತಪ್ಪು ಮಾಡಿದ ಕಚೇರಿಯನ್ನು ಬಿಟ್ಟು ಬಿಸಿಲಲ್ಲಿ ನಿಂತು ಕಲ್ಲು ಹೊತ್ತವನ ಮಗನ ಫೀಸಿನಿಂದ ಆ ನಷ್ಟ ತುಂಬಿಸುವುದು ಅನ್ಯಾಯ. ಕಳ್ಳ ಸಿಗಲಿಲ್ಲವೆಂದು ಮನೆಯವರಿಗೇ ದಂಡ ಹಾಕಿದ ಹಾಗಾಯಿತು.

ಬೀಡಿಯ ಕತೆ ಇನ್ನೂ ಮೌನವಾಗಿ ನಡೆದುಹೋಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಬೀಡಿಯ ಸೆಸ್ ಕಾಯ್ದೆಯನ್ನೇ ರದ್ದು ಮಾಡಿದರು. ಬೀಡಿಯ ಮೇಲೆ ಶೇ 28 ತೆರಿಗೆ ಬಿತ್ತು, ಆದರೆ ಕಾರ್ಮಿಕರ ಕಲ್ಯಾಣಕ್ಕೆಂದೇ ಮೀಸಲಾಗಿ ಬರುತ್ತಿದ್ದ ಹಣದ ದಾರಿ ಮುಚ್ಚಿತು. ಈಗ ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ ಕೇಂದ್ರದ ಬಜೆಟ್ಟಿನ ದಯೆಯಲ್ಲಿದೆ. ಸಾಮಾನ್ಯ ಪದವಿಗೆ ವರ್ಷಕ್ಕೆ 6,000 ರೂಪಾಯಿ, ವೃತ್ತಿಪರ ಕೋರ್ಸಿಗೆ 25,000 ರೂಪಾಯಿ ಎಂದು ದರವಿದೆ. ಬೀಡಿ ಬ್ರಾಂಚಿನಲ್ಲಿ ಕೆಲಸ ಕಡಿಮೆಯಾಗಿ, ಎಲೆ ಸಿಕ್ಕಿದ ದಿನ ಮಾತ್ರ ಕಟ್ಟುವ ಸ್ಥಿತಿಗೆ ಬಂದಿರುವ ಮನೆಗೆ ಈ 6,000 ರೂಪಾಯಿಯೂ ದೊಡ್ಡದೇ. ಆದರೆ ಸಿದ್ಧಕಟ್ಟೆಯಿಂದ ಮಂಗಳೂರಿಗೋ ಮೂಡುಬಿದಿರೆಗೋ ದಿನವೂ ಹೋಗಿಬರುವ ವಿದ್ಯಾರ್ಥಿಯ ಬಸ್ಸಿನ ಖರ್ಚಿಗಾದರೂ ಅದು ವರ್ಷವಿಡೀ ಸಾಕಾಗುತ್ತದೆಯೇ? ಶಕ್ತಿ ಯೋಜನೆ ಇದೆಯಲ್ಲ ಎನ್ನುವವರು ನಮ್ಮ ಒಳದಾರಿಗಳಿಗೆ ಒಮ್ಮೆ ಬಂದು ನೋಡಬೇಕು. ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಹೆಣ್ಣುಮಕ್ಕಳಿಗೆ ಆ ಯೋಜನೆಯ ಉಚಿತ ಪ್ರಯಾಣವಿಲ್ಲ.

ಮೊತ್ತಕ್ಕಿಂತ ದೊಡ್ಡ ಅನ್ಯಾಯ ಕಾಲದ್ದು. ಫೀಸು ಕಟ್ಟಬೇಕಾದದ್ದು ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಗಾರೆ ಕೆಲಸ ನಿಂತು ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಎಷ್ಟೋ ಸಲ ಪರೀಕ್ಷೆ ಮುಗಿಯುವಾಗ, ಕೆಲವು ಸಲ ಮುಂದಿನ ವರ್ಷ. ನಡುವಿನ ತಿಂಗಳುಗಳಲ್ಲಿ ಆ ಮನೆಯವರು ಏನು ಮಾಡುತ್ತಾರೆಂದು ಇಲ್ಲಿನ ಎಲ್ಲರಿಗೂ ಗೊತ್ತು. ಅಮ್ಮನ ಕರಿಮಣಿ ಸೊಸೈಟಿಯಲ್ಲಿ ಅಡವು, ಇಲ್ಲವೇ ಸಂಘದ ಸಾಲ, ವಾರವಾರ ಕಂತು. ವಿದ್ಯಾರ್ಥಿವೇತನ ಬಂದಾಗ ಅದು ಬಡ್ಡಿಗೆ ಹೋಗುತ್ತದೆ. ಫೀಸು ಕಟ್ಟಲಾಗದೆ ಜುಲೈಯಲ್ಲೇ ಬಟ್ಟೆ ಅಂಗಡಿಗೋ ಗೇರುಬೀಜದ ಕಾರ್ಖಾನೆಗೋ ಸೇರಿದ ಹುಡುಗಿಗಂತೂ ಮಾರ್ಚ್‌ನಲ್ಲಿ ಬರುವ ಹಣ ಏನೂ ಅಲ್ಲ.

ತಡವೇಕೆ ಎಂದು ಕೇಳಿದರೆ ಅರ್ಜಿಯಲ್ಲೇ ದೋಷವಿದೆ ಎನ್ನುತ್ತಾರೆ. ರಾಜ್ಯದ್ದಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದ್ದಕ್ಕೆ ಎನ್‌ಎಸ್‌ಪಿ ಪೋರ್ಟಲ್, ಕಾರ್ಮಿಕ ಮಂಡಳಿಯದ್ದು ಮತ್ತೊಂದು ದಾರಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗೆ ನಾಡಕಚೇರಿ, ಆಧಾರ್ ಜೋಡಣೆಗೆ ಬ್ಯಾಂಕು, ದಾಖಲೆ ದೃಢೀಕರಣಕ್ಕೆ ಕಾಲೇಜಿನ ಅಧಿಕಾರಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಒಂದೊಂದು ಸಲ ಹೋದರೂ ಅಪ್ಪನ ಒಂದು ದಿನದ ಕೂಲಿ ಹೋಯಿತು. ಈ ಮಾಹಿತಿಯೆಲ್ಲ ಸರ್ಕಾರದ ಬಳಿಯೇ ಇದೆ. ತನ್ನ ಒಂದು ಕಚೇರಿ ಕೊಟ್ಟ ಕಾಗದವನ್ನು ತನ್ನದೇ ಇನ್ನೊಂದು ಕಚೇರಿಗೆ ಹೊತ್ತೊಯ್ಯುವ ಕೆಲಸವನ್ನು ಹದಿನೆಂಟರ ಮಕ್ಕಳಿಂದ ಏಕೆ ಮಾಡಿಸಬೇಕು?

ಅರ್ಜಿಯೇ ಇಲ್ಲದೆ ಹಣ ಕೊಡಬಹುದು ಎಂಬುದಕ್ಕೆ ಸಾಕ್ಷಿ ಇಲ್ಲೇ ಇದೆ. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ತಂದಾಗ ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ವಿದ್ಯಾರ್ಥಿಗಳ ದಾಖಲೆಯೊಂದಿಗೆ ತಾಳೆ ನೋಡಿ ನೇರವಾಗಿ ಖಾತೆಗೆ ಹಣ ಹಾಕಿದರು. ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ಜಾಗ ಅಜ್ಜಿಯ ಹೆಸರಿನಲ್ಲೇ ಉಳಿದಿರುವ ನಮ್ಮ ಕಡೆಯ ಕೂಡುಕುಟುಂಬದ ಮಕ್ಕಳಿಗೆ ಅದರಲ್ಲೂ ತೊಡಕಿತ್ತು. ಆದರೂ ದಾರಿ ಸರಿಯಿತ್ತು. ಕಟ್ಟಡ ಕಾರ್ಮಿಕರ ಕಾರ್ಡಿಗೂ ಬೀಡಿ ಕಾರ್ಮಿಕರ ಪಿ.ಎಫ್. ಸಂಖ್ಯೆಗೂ ಹೀಗೆ ತಾಳೆ ಹಾಕಲು ಏನು ಅಡ್ಡಿ? ಯೋಜನೆ ಯಾವ ಪಕ್ಷದ್ದು ಎಂದು ನೋಡಿ ಬೆಳೆಸುವ, ಬಾಡಿಸುವ ಚಾಳಿಯನ್ನು ಎರಡೂ ಕಡೆಯವರು ಬಿಡಬೇಕು.

ಇನ್ನು ಆದಾಯ ಮಿತಿಯನ್ನು ನೋಡಿ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಇರುವ 2.5 ಲಕ್ಷ ರೂಪಾಯಿ 2013ರಲ್ಲಿ ಗೊತ್ತುಮಾಡಿದ್ದು. ದಿನಕ್ಕೆ 1,000 ರೂಪಾಯಿ ದುಡಿಯುವ ಮೇಸ್ತ್ರಿ ತಿಂಗಳಿಗೆ 22 ದಿನ ಕೆಲಸ ಮಾಡಿದರೆ ವರ್ಷಕ್ಕೆ 2,64,000 ರೂಪಾಯಿ. ನಿಜವಾದ ಆದಾಯ ಬರೆಸಿದರೆ ಸರ್ಕಾರದ ಲೆಕ್ಕದಲ್ಲಿ ಅವನ ಮಗಳು ಬಡವಳಲ್ಲ. ಇಂಥ ಮಿತಿಯನ್ನು ಹತ್ತು ವರ್ಷ ಮೀರಿ ಕದಲಿಸದೆ ಇಟ್ಟವರು, ಸುಳ್ಳು ಆದಾಯ ಬರೆಸುತ್ತಾರೆ ಎಂದು ಬಡವರನ್ನು ದೂರಬಾರದು. ಇದು ಸಾಲದೆಂಬಂತೆ ಕೇಂದ್ರ 2022ರ ಕೊನೆಯಲ್ಲಿ ಅಲ್ಪಸಂಖ್ಯಾತ ಮಕ್ಕಳ ಎಂಟನೆಯ ತರಗತಿವರೆಗಿನ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಜಾದ್ ಸಂಶೋಧನಾ ಫೆಲೋಶಿಪ್ಪನ್ನೂ ನಿಲ್ಲಿಸಿತು. ಬೀಡಿ ಕಟ್ಟುವ ಮುಸ್ಲಿಂ ಮನೆಗಳಿಗೆ ಇದು ಇನ್ನೊಂದು ಹೊಡೆತ.

ಸರ್ಕಾರ ಬಿಟ್ಟ ಜಾಗವನ್ನು ನಮ್ಮ ಜಿಲ್ಲೆಯಲ್ಲಿ ಬೇರೆಯವರು ತುಂಬುತ್ತ ಬಂದಿದ್ದಾರೆ. ಜಾತಿ ಸಂಘಗಳು, ದೇವಸ್ಥಾನ, ಚರ್ಚು, ಜಮಾಅತ್‌ಗಳು ಪ್ರತಿವರ್ಷ ವಿದ್ಯಾನಿಧಿ ಹಂಚುತ್ತವೆ. ಬೆಳ್ತಂಗಡಿಯ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಶಿಷ್ಯವೇತನ ವೃತ್ತಿಪರ ಕೋರ್ಸುಗಳ ಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಈಗ ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹುಡುಗಿಯರಿಗೆ ಪದವಿ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಇವರೆಲ್ಲರಿಗೂ ನಾವು ಋಣಿ. ಆದರೆ ಕೊಡುವವರಿಗೆ ತಮ್ಮದೇ ನಿಯಮ ಇರುತ್ತದೆ. ದಕ್ಷಿಣ ಕನ್ನಡದಲ್ಲಿ ಅನುದಾನಿತ ಕನ್ನಡ ಶಾಲೆಗಳು ಬಹಳ. ಊರಿನ ಹತ್ತಿರ ಅದೊಂದೇ ಇತ್ತೆಂದು ಅಲ್ಲಿ ಓದಿದ ಬಡ ಹುಡುಗಿ ಈ 30,000ದಿಂದ ಹೊರಗೆ. ಖಾಸಗಿ ಸಂಸ್ಥೆಯನ್ನು ನಾವು ಹಕ್ಕಿನಿಂದ ಪ್ರಶ್ನಿಸಲಾಗದು, ಸರ್ಕಾರವನ್ನು ಪ್ರಶ್ನಿಸಬಹುದು. ಅದಕ್ಕೇ ನನ್ನ ಜಗಳ ಸರ್ಕಾರದೊಂದಿಗೆ.

ವಿದ್ಯಾರ್ಥಿವೇತನವನ್ನೆಲ್ಲ ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ನಮ್ಮೂರಲ್ಲೂ ಇದ್ದಾರೆ. ಅವರಿಗೆ ಮಂಗಳೂರಿನ ಕುದ್ಮುಲ್ ರಂಗರಾಯರ ನೆನಪಿರಲಿ. 1897ರಲ್ಲಿ ದಲಿತೋದ್ಧಾರದ ಮಿಷನ್ ಕಟ್ಟಿದ ಅವರು, ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಬರುವ ಮಕ್ಕಳ ಕೈಗೆ ಕಾಸು ಕೊಟ್ಟು, ಊಟ ಹಾಕಿ ಕೂರಿಸಿದರು. ಮಗು ದುಡಿಯಲು ಹೋಗದೆ ಶಾಲೆಗೆ ಬಂದರೆ ಮನೆಗೆ ಆ ದಿನದ ಗಂಜಿ ಕಡಿಮೆಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಒಬ್ಬ ವ್ಯಕ್ತಿ ಕಂಡುಕೊಂಡ ಸತ್ಯವನ್ನು ಇಂದಿನ ಹಣಕಾಸು ಇಲಾಖೆಗಳು ಮತ್ತೆ ಕಲಿಯಬೇಕಾಗಿರುವುದು ನೋವಿನ ಸಂಗತಿ.

ಸಿದ್ಧಕಟ್ಟೆಯಲ್ಲೂ ವಾಮದಪದವಿನಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹೆಣ್ಣುಮಕ್ಕಳಿಗೆ ಅಲ್ಲಿ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. ಇಷ್ಟಿದೆಯಲ್ಲ, ಸಾಲದೇ ಎಂದರೆ ಸಾಲದು. ನರ್ಸಿಂಗ್, ಎಂಜಿನಿಯರಿಂಗ್, ಕಾನೂನು ಓದಬೇಕೆಂಬ ಆಸೆ ಬೀಡಿ ಕಟ್ಟುವವಳ ಮಗಳಿಗೂ ಇರುತ್ತದೆ, ಇರಬೇಕು.

ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಕಟ್ಟಡ ಕಾರ್ಮಿಕ ಮಂಡಳಿಯ 2021ರ ದರಗಳನ್ನು ಮರಳಿ ತರುವಂತೆ ಕೇಳಲಿ. ಸಂಸದರು ದೆಹಲಿಯಲ್ಲಿ ಬೀಡಿ ಕಾರ್ಮಿಕರ ಮಕ್ಕಳಿಗೆ ಜಿಎಸ್‌ಟಿಯಿಂದಲೇ ಒಂದು ಪಾಲು ಮೀಸಲಿಡುವಂತೆ ಒತ್ತಾಯಿಸಲಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ 2021ರ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬ ವ್ಯವಸ್ಥೆ ಇದೆ. ಅದನ್ನು ತೋರಿಸಿದರೆ ಕಾಲೇಜು ಮುಂಗಡ ಫೀಸು ಕೇಳದೆ ಸೇರಿಸಿಕೊಳ್ಳಬೇಕು, ಹಣದ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬೇಕು. ಅದೇ ಕಾರ್ಡನ್ನು ಬೀಡಿ ಕಾರ್ಮಿಕರ, ಕಟ್ಟಡ ಕಾರ್ಮಿಕರ ಮಕ್ಕಳಿಗೂ ಪಿಯು ಫಲಿತಾಂಶದ ಜೊತೆಗೇ ಕೊಡಲಿ. ತಡವಾದರೆ ಕಾಯುವವರು ಸರ್ಕಾರ ಮತ್ತು ಕಾಲೇಜು ಆಗಿರಲಿ, ಹುಡುಗಿ ತರಗತಿಯಲ್ಲಿ ಕೂತಿರಲಿ.