ಒಂದು ಕಣ್ಣು ಮುಚ್ಚು ಅಂದವರ ಬಾಯಿ ಮುಚ್ಚಿಸಿ

ನೇರ ವಿಷಯಕ್ಕೆ ಬರ್ತೀನಿ. ಶಾಟ್‌ಗನ್ ಕಲಿಯೋಕೆ ಹೋದವರಿಗೆ "ಒಂದು ಕಣ್ಣು ಮುಚ್ಚು, ನಳಿಕೆ ತುದಿಯ ಮಣಿ ನೋಡು, ಗುರಿ ಇಡು, ಹೊಡಿ" ಅಂತ ಹೇಳಿಕೊಡುವವರು ಕಲಿಸುತ್ತಿಲ್ಲ, ಕೆಡಿಸುತ್ತಿದ್ದಾರೆ. ರಾಜಾಜಿನಗರ, ವಿಜಯನಗರದ ನಮ್ಮ ಐಟಿ ಬಳಗದಲ್ಲೇ ಈ ಮಾತು ನಂಬಿ, ಎರಡು ತಿಂಗಳು ತೋಟಾ ಸುಟ್ಟು, "ನಂಗಿದು ಆಗಿಬರಲ್ಲ ಗುರು" ಅಂತ ಬಿಟ್ಟವರಿದ್ದಾರೆ. ತಪ್ಪು ಅವರದಲ್ಲ, ಆ ಸಲಹೆಯದು.

ಸಲಹೆ ಬಂದದ್ದು ರೈಫಲ್‌ನಿಂದ. 10 ಮೀಟರ್ ಏರ್ ರೈಫಲ್‌ನಲ್ಲಿ ಗುರಿ ಅಲ್ಲಾಡಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೀತಾರಲ್ಲ, ಅಲ್ಲೂ ಕಾಯಿ ಕಟ್ಟಿದ ಕಡೆಯೇ ಇರುತ್ತೆ. ನಿಧಾನವಾಗಿ ಗುರಿ ಇಡಿ, ಯಾರು ಬೇಡ ಅಂತಾರೆ? ಆದರೆ ಟ್ರ್ಯಾಪ್, ಸ್ಕೀಟ್‌ನಲ್ಲಿ ಹಾರೋದು 11 ಸೆಂ.ಮೀ. ಅಗಲದ ಬಿಲ್ಲೆ. ಅದು ನಿಮಗಾಗಿ ಕಾಯಲ್ಲ.

"ಅಲ್ನೋಡು, ಕೆಂಗೇರಿ ಬಸ್ಸು ಬಂತು" ಅಂತ ಬೆರಳು ತೋರಿಸುವಾಗ ನೀವು ಒಂದು ಕಣ್ಣು ಮುಚ್ಚಿ ಉಗುರು ನೋಡ್ತೀರಾ? ಎರಡೂ ಕಣ್ಣು ಬಸ್ಸಿನ ಮೇಲಿರುತ್ತೆ, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತೆ. ಶಾಟ್‌ಗನ್ ಆ ಬೆರಳು. ಬಿಲ್ಲೆ ಸ್ಪಷ್ಟವಾಗಿ ಕಾಣಬೇಕು, ನಳಿಕೆ ಅದರ ಕೆಳಗೆ ಮಸುಕಾಗಿ ಇದ್ದರೆ ಸಾಕು. ಕಣ್ಣು ಮಣಿಯ ಮೇಲೆ ಬಿದ್ದ ಕ್ಷಣ ಕೈ ನಿಲ್ಲುತ್ತೆ, ಈಡು ಬಿಲ್ಲೆಯ ಹಿಂದೆ ಹೋಗುತ್ತೆ.

ಲೆಕ್ಕ ಬೇಕಾ? ಸ್ಕೀಟ್‌ನಲ್ಲಿ ಅಡ್ಡ ಹಾರುವ ಬಿಲ್ಲೆ ಸುಮಾರು 20 ಮೀಟರ್ ದೂರದಲ್ಲಿರುತ್ತೆ. ಚರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಲ್ಲೆ ಒಂದು ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತೆ. ಅದಕ್ಕೇ ನಳಿಕೆ ಬಿಲ್ಲೆಗಿಂತ ಮುಂದಿರಬೇಕು, ಟ್ರಿಗರ್ ಒತ್ತಿದ ಮೇಲೂ ಬೀಸು ನಿಲ್ಲಬಾರದು.

ಇದೆಲ್ಲ ಆಗೋದು ಕೋವಿ ಸರಿಯಾಗಿ ಏರಿದರೆ ಮಾತ್ರ. ಶಾಟ್‌ಗನ್ನಿಗೆ ಹಿಂದಿನ ಸೈಟ್ ಇಲ್ಲ, ನಿಮ್ಮ ಕಣ್ಣೇ ಹಿಂದಿನ ಸೈಟ್. ಭಾರ ಮುಂಗಾಲಿನ ಮೇಲಿರಲಿ. ನಳಿಕೆ ಹಿಡಿದ ಕೈ ಮೊದಲು ಬಿಲ್ಲೆಯ ಕಡೆ ಚಲಿಸಲಿ. ಬಟ್ ಕೆನ್ನೆಗೆ ಬರಲಿ, ಕೆನ್ನೆ ಬಟ್‌ಗೆ ಬಾಗೋದು ಬೇಡ. ಆಮೇಲೆ ಭುಜದ ಗುಳಿ ಅದನ್ನು ಎದುರುಗೊಳ್ಳಲಿ. ಕೆನ್ನೆ ಬರೀ 1 ಸೆಂ.ಮೀ. ಎದ್ದರೂ 30 ಮೀಟರ್ ದೂರದಲ್ಲಿ ಈಡು ಸುಮಾರು 30 ಸೆಂ.ಮೀ. ಮೇಲೆ ಹೋಗುತ್ತೆ.

"ಚರೆ ಹರಡುತ್ತಲ್ಲ, ಎಲ್ಲೋ ತಾಗುತ್ತೆ ಬಿಡಿ" ಅನ್ನೋರಿಗೆ: ಪ್ಯಾರಿಸ್ 2024ರಲ್ಲಿ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಸ್ಕೀಟ್ ಮಿಶ್ರ ತಂಡದ ಕಂಚು ಕಳೆದುಕೊಂಡದ್ದು 43-44ರಲ್ಲಿ. ಒಂದೇ ಒಂದು ಬಿಲ್ಲೆ. ಸ್ಕೀಟ್‌ನಲ್ಲಿ ಬಿಲ್ಲೆ ಕಾಣುವ ತನಕ ಬಟ್ ಸೊಂಟದ ಹತ್ತಿರವೇ ಇರಬೇಕು. ಅಂದ್ರೆ ಕೋವಿ ಏರಿಸೋದೇ ಅರ್ಧ ಆಟ.

"ನಮ್ಮಜ್ಜ ಒಂದು ಕಣ್ಣು ಮುಚ್ಚಿಯೇ ಹೊಡೀತಿದ್ರು" ಅನ್ನೋರಿಗೆ: ನಾನೂ ಹಳ್ಳಿಯವನೇ ಸ್ವಾಮಿ. ನಮ್ಮ ಅಜ್ಜಂದಿರು ಹೊಡೀತಿದ್ದದ್ದು ತೋಟದಿಂದ ಮಂಗ ಓಡಿಸೋಕೆ, ಆಕಾಶಕ್ಕೆ. ಅಲ್ಲಿ ಸದ್ದು ತಾಗಿದ್ರೆ ಸಾಕಿತ್ತು.

ದಿನವಿಡೀ ಸ್ಕ್ರೀನ್ ನೋಡುವ ನಾವು ಮೊದಲು ತಿಳ್ಕೋಬೇಕಾದ್ದು ನಮ್ಮ ಪ್ರಬಲ ಕಣ್ಣು ಯಾವುದು ಅಂತ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎದುರು ಮನೆಯ ಸಿಂಟೆಕ್ಸ್ ಟ್ಯಾಂಕ್ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಟ್ಯಾಂಕ್ ಕಿಂಡಿಯಲ್ಲೇ ಉಳಿಯುತ್ತೋ ಅದೇ ಪ್ರಬಲ. ಬಲಗೈಯವರಿಗೆ ಎಡಗಣ್ಣು ಪ್ರಬಲವಾದರೆ ಎಡ ಭುಜದಿಂದ ಕಲೀಬಹುದು, ಇಲ್ಲಾ ಕನ್ನಡಕದ ಎಡ ಗಾಜಿಗೆ ಮಸುಕು ಟೇಪಿನ ಚೂರು ಅಂಟಿಸಬಹುದು. ಇದನ್ನು ಮೊದಲ ದಿನವೇ ಪರೀಕ್ಷಿಸದ ಕೋಚ್‌ಗೆ ಫೀಸು ಕೊಡಬೇಡಿ.

ಇನ್ನೊಂದು ಮಾತು. ಲಕ್ಷಗಟ್ಟಲೆ ಸುರಿದು ಇಟಲಿಯ ಕೋವಿ ತರಿಸೋ ಮುಂಚೆ, ರೇಂಜಿನಲ್ಲಿ ಕೋಚ್ ಎದುರು ಖಾಲಿ ಕೋವಿಯನ್ನು ನೂರು ಸಲ ಏರಿಸಿ. ಗುಂಡಿಯಲ್ಲಿ ತೋಟಾ ಇಲ್ಲ ಅಂತ ಪ್ರತಿ ಸಲ ನೋಡಿ, ನಳಿಕೆ ಯಾರ ಕಡೆಗೂ ತಿರುಗದಿರಲಿ. ಬಸವೇಶ್ವರನಗರದ ಮಹಡಿ ಮೇಲೆ ಮಾತ್ರ ಬೇಡ, ಪಕ್ಕದ ಮನೆ ಆಂಟಿ 112ಕ್ಕೆ ಫೋನ್ ಮಾಡಿದರೆ ತಪ್ಪು ಆಂಟಿಯದಲ್ಲ.

ಕೋವಿ ಚೆನ್ನಾಗಿಲ್ಲ, ತೋಟಾ ಸರಿಯಿಲ್ಲ, ಗಾಳಿ ಜಾಸ್ತಿ ಅಂತ ನೆಪ ಹೇಳೋದು ಸಾಕು. ಕೆನ್ನೆ ಬಟ್ ಮೇಲೆ, ಎರಡೂ ಕಣ್ಣು ಬಿಲ್ಲೆ ಮೇಲೆ. ಇದನ್ನು ಕಲಿಸೋಕೆ ಬಾರದವರು ದಯವಿಟ್ಟು ರೈಫಲ್ ಕಲಿಸಿಕೊಂಡಿರಿ.