ತೆನೆಗೆ ಆಶೀರ್ವಾದ ಸಿಕ್ತು, ಸಂಬಳಕ್ಕೆ?

ಕಳೆದ ಸೆಪ್ಟೆಂಬರ್ 8ರಂದು ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೊಂತಿ ಹಬ್ಬದ ಊಟ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೋಲಿಕರಿಗೆ ಇದು ಕ್ರಿಸ್ಮಸ್ಸಿಗಿಂತ ಏನೂ ಕಡಿಮೆಯಿಲ್ಲದ ಹಬ್ಬ. ಅವತ್ತು ಮೇರಿ ಮಾತೆಯ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ತುಳುವಿನಲ್ಲಿ ಕುರಲ್ ಪರ್ಬ ಅಂತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಒಂಬತ್ತು ದಿನ ಮೊದಲೇ ನೊವೆನಾ ಶುರು. ಮಕ್ಕಳು ದಿನಾ ಬುಟ್ಟಿಯಲ್ಲಿ ಹೂ ತಗೊಂಡು ಹೋಗಿ ಮೇರಿ ಮಾತೆಗೆ ಅರ್ಪಿಸ್ತಾರೆ. ಹಬ್ಬದ ದಿನ ಪಾದ್ರಿಗಳು ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚ್ತಾರೆ. ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ ಹಿರಿಯರು ಎಲ್ಲರಿಗೂ ಕೊಡ್ತಾರೆ. ಆಮೇಲೆ ಬಾಳೆಲೆ ಊಟ. ಮೀನಿಲ್ಲದೆ ಅನ್ನ ಇಳಿಯದ ನಮ್ಮವರೆಲ್ಲ ಅವತ್ತೊಂದು ದಿನ ಶುದ್ಧ ಸಸ್ಯಾಹಾರಿಗಳು :) ನಿಮ್ಮಲ್ಲಿ ತುಳುನಾಡಿನವರಿಗೆ ಪುದ್ವಾರ್ ನೆನಪಾಗಿರಬೇಕು. ಎರಡಕ್ಕೂ ಬೇರು ಅದೇ ಗದ್ದೆ.

ಸರಿ, ಊಟದ ಹೊತ್ತಿಗೆ ಮಾತು ಅಪಾರ್ಟ್‌ಮೆಂಟಿನ ಕಡೆ ತಿರುಗಿತು. ಮನೆಕೆಲಸದವರು ಸಂಬಳ ಕಡಿತವಿಲ್ಲದೆ ತಿಂಗಳಿಗೆ ನಾಲ್ಕು ದಿನ ರಜೆ ಕೇಳಿದ್ದರು. ಬಂದ ನೆಂಟರೊಬ್ಬರಿಗೆ ಸಿಟ್ಟು. "ಇವತ್ತು ರಜೆ ಅಂತಾರೆ, ನಾಳೆ ಬೋನಸ್ ಅಂತಾರೆ." ನಾನು ಮೆಲ್ಲಗೆ, "ಈಗಷ್ಟೇ ಹೊಸ ಅಕ್ಕಿಗೆ ಪ್ರಾರ್ಥನೆ ಮಾಡಿದ್ವಲ್ಲ ಅಂಕಲ್" ಅಂದೆ. ಅವರು ಥಟ್ಟನೆ ಹೇಳಿದ್ದು: "ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕ್ತಿ ಮಾರಾಯ? ಧರ್ಮ ಬೇರೆ, ವ್ಯವಹಾರ ಬೇರೆ."

ಈ ಮಾತಿನ ಮೇಲೆಯೇ ನನ್ನ ತಕರಾರು.

ಗಂಟು ಹಾಕಿದ್ದು ನಾನಾ? ಹೊಲದ ತೆನೆಯನ್ನು ಪೀಠಕ್ಕೂ, ಪೀಠದಿಂದ ಅಡುಗೆಮನೆಗೂ ಗಂಟು ಹಾಕಿದ್ದು ನಮ್ಮ ಹಿರಿಯರು. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬ ಶುರುಮಾಡಿದರು ಅಂತ ನಮ್ಮಲ್ಲಿ ಹೇಳುತ್ತಾ ಬಂದಿದ್ದಾರೆ. ಸಂಜೆ ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್' ಕೇಳೋದು, ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚಿ 'ರೊಸ್' ಮಾಡೋದು, ಎಲ್ಲವೂ ಹಾಗೇ. ದೇವರನ್ನು ಬರೀ ಭಾನುವಾರದ ಒಂದು ಗಂಟೆಗೆ ಬಿಟ್ಟಿರಲಿಲ್ಲ ಅವರು.

ನಾವೂ ಬಿಟ್ಟಿಲ್ಲ. ಹೊಸ ಕಾರು ಬಂದರೆ ಪಾದ್ರಿಗಳನ್ನು ಕರೆಸಿ ನೀರು ಚಿಮುಕಿಸ್ತೀವಿ. ಅಂಗಡಿ ತೆರೆದರೆ, ಮನೆ ಒಕ್ಕಲಾದರೆ, ಮಗನಿಗೆ ವೀಸಾ ಬರಬೇಕಾದರೆ ಪ್ರಾರ್ಥನೆ. ಆಗ ಯಾರೂ "ಧರ್ಮ ಬೇರೆ, ಕಾರು ಬೇರೆ" ಅನ್ನಲ್ಲ! ನಮಗೆ ಲಾಭವಿರುವ ಕಡೆ ಗಂಟು ಬಿಗಿ. ಕಿಸೆಯಿಂದ ನಾಲ್ಕು ಕಾಸು ಹೋಗುತ್ತದೆ ಅಂದ ಕೂಡಲೆ ಗಂಟು ಬಿಚ್ಚುತ್ತೆ.

ಮದುವೆ ವಿಷಯವೂ ಅಷ್ಟೆ. ಮದುವೆ ಪವಿತ್ರ ಸಂಸ್ಕಾರ ಅಂತೀವಿ. ಆದರೆ ಸಂಬಂಧ ಹುಡುಕುವಾಗ "ಬಾಮಣ್ ಆ, ಚಾರೊಡಿ ಆ?" ಅಂತ ಪಿಸುಗುಡೋದು ನಿಂತಿದೆಯಾ? ಶತಮಾನಗಳ ಹಿಂದೆ ತಲೆಗೆ ಬಿದ್ದ ಸ್ನಾನದೀಕ್ಷೆಯ ನೀರು ಜಾತಿಯವರೆಗೆ ಇಳಿದೇ ಇಲ್ಲ.

ಬೈಬಲ್ಲಿನಲ್ಲಿ ಈ ಕೂಲಿಯ ಲೆಕ್ಕ ಬಹಳ ನೇರವಾಗಿದೆ. ಕೂಲಿಯವನ ದುಡ್ಡನ್ನು ಹೊತ್ತು ಮುಳುಗುವ ಮೊದಲು ಕೊಡಬೇಕು, ಹೊಲದಲ್ಲಿ ಮರೆತುಬಂದ ಸಿವುಡನ್ನು ಬಡವರಿಗೆ ಬಿಡಬೇಕು ಅಂತ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವಂತೂ ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಅನ್ನುತ್ತದೆ. ತೆನೆ ಹಬ್ಬಕ್ಕೆ ಇದಕ್ಕಿಂತ ಸರಿಯಾದ ಪಾಠ ಬೇಕಾ? 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಸಂಬಳದ ಬಗ್ಗೆಯೇ ವಿಶ್ವಪತ್ರ ಬರೆದರು. 2025ರಲ್ಲಿ ಆಯ್ಕೆಯಾದ ಪೋಪ್, 14ನೇ ಲಿಯೋ ಅಂತ ಹೆಸರಿಟ್ಟುಕೊಂಡಾಗ ಆ ಪತ್ರವನ್ನೇ ನೆನಪಿಸಿದರು. ಯೇಸು ಬಡಗಿ, ಪೌಲ ಗುಡಾರ ಮಾಡುತ್ತಿದ್ದವ. ವ್ಯವಹಾರ ಬೇರೆ ಅನ್ನೋ ಪಾಠ ನಮಗೆ ಯಾರು ಕಲಿಸಿದರೋ!

ಇಲ್ಲಿ ನನ್ನ ನಾಸ್ತಿಕ ಗೆಳೆಯರು ಎಚ್ಚರಿಸ್ತಾರೆ: "ಧರ್ಮವನ್ನು ಎಲ್ಲದರಲ್ಲೂ ತೂರಿಸಿದರೆ ಏನಾಗುತ್ತೆ ಅಂತ ದೇಶದಲ್ಲಿ ನೋಡ್ತಾ ಇದ್ದೀವಲ್ಲ, ಮನೆಯೊಳಗೇ ಇಟ್ಕೊಳ್ಳಿ." ಅವರ ಭಯ ಸುಳ್ಳಲ್ಲ. ಆದರೆ ನನ್ನ ನಂಬಿಕೆ ಪಕ್ಕದವರ ತಟ್ಟೆಗೆ ಕೈ ಹಾಕೋದು ಬೇರೆ, ನನ್ನದೇ ಕಿಸೆಗೆ ಕೈ ಹಾಕೋದು ಬೇರೆ. ನಾನು ಕೇಳ್ತಿರೋದು ಎರಡನೆಯದು. ಅದು ಯಾರಿಗೂ ಅಪಾಯವಲ್ಲ, ನನ್ನ ಪರ್ಸಿಗೆ ಮಾತ್ರ.

ಇಷ್ಟೆಲ್ಲಾ ಉಪದೇಶ ಮಾಡುವ ಮೊದಲು ನನ್ನ ಕಥೆಯನ್ನೂ ಹೇಳಬೇಕು. ಆಗಸ್ಟಿನಲ್ಲಿ ನಮ್ಮ ಮನೆಕೆಲಸದಾಕೆಗೆ ಜ್ವರ, ನಾಲ್ಕು ದಿನ ಬರಲಿಲ್ಲ. ಸೆಪ್ಟೆಂಬರ್ ಒಂದನೇ ತಾರೀಕು ಸಂಬಳ ಕೊಡುವಾಗ ಕ್ಯಾಲ್ಕುಲೇಟರ್ ಒತ್ತಿ 800 ರೂಪಾಯಿ ಮುರಿದುಕೊಂಡವನು ನಾನೇ. ಆಕೆ ಏನೂ ಅನ್ನಲಿಲ್ಲ. ಅದೇ ಸಂಜೆ ಮಗಳ ಕೈಯಲ್ಲಿ ಹೂವಿನ ಬುಟ್ಟಿ ಕೊಟ್ಟು ನೊವೆನಾಕ್ಕೆ ಕರ್ಕೊಂಡು ಹೋದೆ. ನನಗೆ ಜ್ವರ ಬಂದರೆ ಆಫೀಸಿನಲ್ಲಿ ಸಂಬಳಸಹಿತ ರಜೆ ಇದೆ, ಅದನ್ನು ಹಕ್ಕು ಅಂತ ತಗೊಳ್ತೀನಿ. ಅಂಕಲ್‌ಗೆ ಉತ್ತರ ಕೊಡೋಕೆ ಬಾಯಿ ತೆರೆದಾಗಲೇ ಇದು ನೆನಪಾಗಿ ಮಾತು ಗಂಟಲಲ್ಲೇ ನಿಂತಿತು.

ಮರುದಿನ ಆ 800 ಕೊಟ್ಟೆ. "ಇದ್ಯಾತಕ್ಕೆ ಸರ್, ಹಬ್ಬದ ಇನಾಮಾ?" ಅಂತ ಕೇಳಿದಳು. ಇನಾಮು ಅಲ್ಲಮ್ಮ, ನಿನ್ನದೇ ಬಾಕಿ ಅಂದೆ. ದೊಡ್ಡ ಕೆಲಸವೇನಲ್ಲ, ಮುರಿದುಕೊಂಡಿದ್ದನ್ನು ವಾಪಸ್ ಕೊಟ್ಟಿದ್ದು ಅಷ್ಟೆ. ನಾಲ್ಕು ದಿನದ ರಜೆ ಈಗ ನಮ್ಮ ಮನೆಯಲ್ಲಂತೂ ಇದೆ. ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಚರ್ಚೆ ನಡೀತಾ ಇದೆ...

ಅಂಕಲ್ ಇದನ್ನು ಓದಿದರೆ ಬೈತಾರೆ, ಬೈಯ್ಯಲಿ. ಮುಂದಿನ ಹಬ್ಬಕ್ಕೂ ಅವರನ್ನು ಕರೀತೀನಿ, ಇದೇ ಜಗಳವನ್ನೂ ಆಡ್ತೀನಿ.

ನಿಮ್ಮ ದೇವರು ಯಾರೇ ಇರಲಿ, ಇಲ್ಲದೆಯೇ ಇರಲಿ, ಒಂದು ಪ್ರಶ್ನೆ. ನಿಮ್ಮ ಮನೆಕೆಲಸದವರಿಗೆ ಜ್ವರ ಬಂದ ದಿನದ ಸಂಬಳ ಇದೆಯಾ? ಕಾಮೆಂಟಿನಲ್ಲಿ ನನಗೆ ಹೇಳದಿದ್ದರೂ ಪರವಾಗಿಲ್ಲ, ನಿಮಗೇ ಹೇಳಿಕೊಳ್ಳಿ.