ಆ ಮೂರು ಕೆಜಿ ಯಾರ ಲೆಕ್ಕ? ಮಹಿಳಾ ಫ್ಲೈವೇಟ್ ಕಲಿಸುವ ರಾಜಕಾರಣ

ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗ ಅಂದ್ರೆ ಬರೀ ತಕ್ಕಡಿಯ ವಿಚಾರ ಅಂದ್ಕೊಂಡಿರ್ತೀವಿ. ಆದರೆ ಯಾವ ತೂಕಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗ ಇದೆ, ಯಾವುದಕ್ಕೆ ಇಲ್ಲ ಅಂತ ತೀರ್ಮಾನಿಸುವುದು ಸಮಿತಿಗಳು. ಮಹಿಳೆಯರ ಫ್ಲೈವೇಟ್ ಇತಿಹಾಸ ನೋಡಿದರೆ ಇದು ಅರ್ಥವಾಗುತ್ತೆ.

ಪುರುಷರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 1904ರಲ್ಲಿ. ಪದಕಕ್ಕಾಗಿ ಗುದ್ದಾಡಲು ಹೆಣ್ಣುಮಕ್ಕಳು 2012ರ ಲಂಡನ್‌ವರೆಗೆ ಕಾಯಬೇಕಾಯ್ತು. ಅಲ್ಲೂ ಪುರುಷರಿಗೆ 10 ವಿಭಾಗ, ಮಹಿಳೆಯರಿಗೆ ಮೂರೇ: 51, 60, 75 ಕೆಜಿ. 250 ಪುರುಷರ ಎದುರು 36 ಮಹಿಳೆಯರು.

ಮೇರಿ ಕೋಮ್ 2010ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು 48 ಕೆಜಿಯಲ್ಲಿ. ಆ ತೂಕಕ್ಕೆ ಲಂಡನ್‌ನಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ತನಗಿಂತ ದೊಡ್ಡ ಮೈಕಟ್ಟಿನವರ ಜೊತೆ 51 ಕೆಜಿಯಲ್ಲಿ ಸೆಣಸಿ ಕಂಚು ತಂದರು. ಸೆಮಿಫೈನಲ್‌ನಲ್ಲಿ ಅವರನ್ನು ಸೋಲಿಸಿದ ಬ್ರಿಟನ್ನಿನ ನಿಕೋಲಾ ಆಡಮ್ಸ್, ಒಲಿಂಪಿಕ್ ಬಾಕ್ಸಿಂಗ್ ಚಿನ್ನ ಗೆದ್ದ ಮೊದಲ ಮಹಿಳೆಯಾದರು. 2016ರ ರಿಯೋದಲ್ಲೂ ಚಿನ್ನ ಅವರದ್ದೇ. ಟೋಕಿಯೊದಲ್ಲಿ ಬಲ್ಗೇರಿಯಾದ ಸ್ಟೋಯ್ಕಾ ಕ್ರಸ್ತೇವಾ ಗೆದ್ದರು.

2018ರಲ್ಲಿ ಮೇರಿ ಮತ್ತೆ 48 ಕೆಜಿಗೆ ಇಳಿದು ತಮ್ಮ ಆರನೇ ವಿಶ್ವ ಕಿರೀಟ ಗೆದ್ದರು. ಆದರೂ ಒಲಿಂಪಿಕ್ಸ್ ಬೇಕೆಂದರೆ ದಾರಿ 51 ಕೆಜಿಯೊಂದೇ. ಅಲ್ಲಿ ನಿಖತ್ ಜರೀನ್ ಕಾಯ್ತಾ ಇದ್ದರು. ಟ್ರಯಲ್ಸ್ ನಡೆಸಿ ಎಂದು 2019ರಲ್ಲಿ ನಿಖತ್ ಕ್ರೀಡಾ ಸಚಿವರಿಗೆ ಪತ್ರ ಬರೆದಾಗ ನಾವೆಲ್ಲ ಅದನ್ನ ಹಿರಿಯರು-ಕಿರಿಯರ ಜಗಳ ಮಾಡಿಬಿಟ್ವಿ. ಟ್ರಯಲ್ಸ್ ನಡೀತು, ಮೇರಿ 9-1ರಲ್ಲಿ ಗೆದ್ದರು, ಗದ್ದಲ ತಣ್ಣಗಾಯ್ತು. ಒಂದೇ ಕುರ್ಚಿಗೆ ಇಬ್ಬರನ್ನು ಬಡಿದಾಡಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ನಿಖತ್ ಕೇಳಿದ್ದು ನ್ಯಾಯವಾಗಿತ್ತು. 48 ಕೆಜಿ ವಿಭಾಗ ಇದ್ದಿದ್ದರೆ ಇಬ್ಬರಿಗೂ ದಾರಿ ಇರುತ್ತಿತ್ತು.

2022ರಲ್ಲಿ 52 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದ ನಿಖತ್‌ಗೂ ಇದೇ ಗತಿ. ಪ್ಯಾರಿಸ್‌ನಲ್ಲಿ ವಿಭಾಗ 50 ಕೆಜಿ ಆಯ್ತು, ಅವರು ತೂಕ ಇಳಿಸಬೇಕಾಯ್ತು. ಎರಡನೇ ಪಂದ್ಯದಲ್ಲೇ ಎದುರಾದವರು ಮುಂದೆ ಚಿನ್ನ ಗೆದ್ದ ಚೀನಾದ ವು ಯು. ಅದೇ ಪ್ಯಾರಿಸ್‌ನಲ್ಲಿ ಕುಸ್ತಿಯ ವಿನೇಶ್ ಫೋಗಟ್ 100 ಗ್ರಾಂಗಾಗಿ ಫೈನಲ್ ಕಳೆದುಕೊಂಡದ್ದು ಮರೆತಿಲ್ಲ ತಾನೇ?

ಬದಲಾವಣೆ ಆಗಿಲ್ಲ ಅಂತಲ್ಲ. ಮಹಿಳೆಯರ ವಿಭಾಗಗಳು ಟೋಕಿಯೊದಲ್ಲಿ 5, ಪ್ಯಾರಿಸ್‌ನಲ್ಲಿ 6, 2028ರ ಲಾಸ್ ಏಂಜಲೀಸ್‌ನಲ್ಲಿ 7 ಆಗಲಿವೆ. ಪುರುಷರಿಗೂ 7. ಆದರೆ ಈ ಸಮಾನತೆಗಾಗಿ ಒಟ್ಟು ಸೀಟು ಹೆಚ್ಚಿಸುವ ಬದಲು ಪುರುಷರ ವಿಭಾಗಗಳನ್ನು ಕತ್ತರಿಸಲಾಯಿತು. ಹಾಗೆ ಹೋದದ್ದರಲ್ಲಿ ಅಮಿತ್ ಪಂಘಾಲ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ 49 ಕೆಜಿಯೂ ಒಂದು.

7-7 ಅನ್ನೋದು ಗೆಲುವೇ, ಸಂಭ್ರಮಿಸೋಣ. ಆದರೆ ಸಣ್ಣ ಮೈಕಟ್ಟಿನ ಬಾಕ್ಸರ್‌ಗಳು ಹೆಚ್ಚಿರುವ ನಮ್ಮಂಥ ದೇಶ ಇನ್ನೊಂದು ಪ್ರಶ್ನೆಯನ್ನೂ ಎತ್ತಬೇಕು: ಆ ಏಳು ತೂಕ ಯಾವುವು, ಅವನ್ನು ಆರಿಸುವ ಕೋಣೆಯಲ್ಲಿ ಯಾರು ಕೂತಿರುತ್ತಾರೆ?